ಬೆಂಗಳೂರಿನ ಮಕ್ಕಳ ಉಬ್ಬಸ ಮತ್ತು ಬಾಲ್ಯದಲ್ಲೇ ಬೇರೂರುವ ಕಾಯಿಲೆಗಳು

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರ ತನಕ, ಐದು ವರ್ಷಕ್ಕೊಮ್ಮೆಯಂತೆ, ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅಸ್ತಮಾ ಇದೆ ಎಂದು ಲೆಕ್ಕವಿಟ್ಟರು. ಹದಿನೆಂಟು ವರ್ಷದೊಳಗಿನ 20,000 ಮಕ್ಕಳ ಆ ಲೆಕ್ಕದಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಪ್ರಮಾಣ 1984ರಲ್ಲಿ ಶೇ 10.5, 1989ರಲ್ಲಿ ಶೇ 18.5, 1994ರಲ್ಲಿ ಶೇ 24.5 ಆಗಿ, 1999ರ ಹೊತ್ತಿಗೆ ಶೇ 29.5ಕ್ಕೆ ಬಂದು ಮುಟ್ಟಿತ್ತು. ಈ ಕೊನೆಯ ಸಂಖ್ಯೆಯನ್ನು ಹಿಡಿದುಕೊಂಡು ಬೆಂಗಳೂರಿನ ಮೂರು ಮಕ್ಕಳಲ್ಲಿ ಒಂದಕ್ಕೆ ಅಸ್ತಮಾ ಇದೆ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಇದು ಕಾಯಿಲೆಯೆಂದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕಡೆ ಮನೆಯವರಿಗೆ ಮತ್ತು ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು ನಡೆಸಿದ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್‌ನ ಸಮೀಕ್ಷೆಯಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಉಬ್ಬಸ ಬಂದಿದ್ದ ಶಾಲಾ ಮಕ್ಕಳ ಪ್ರಮಾಣ ಶೇ 3ರಿಂದ 4ರ ನಡುವೆ ಇತ್ತು. ಅಳೆಯುವ ಬಗೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಹಾಗಿದ್ದರೂ ಒಂದೇ ಊರಿನಲ್ಲಿ, ಒಂದೇ ಬಗೆಯಲ್ಲಿ ಅಳೆದಾಗ ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರಿ ಏರಿದ್ದನ್ನು ತಳ್ಳಿಹಾಕಲಾಗದು. ವಂಶವಾಹಿಗಳು ಇಪ್ಪತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಮಕ್ಕಳು ಬೆಳೆಯುವ ಬಗೆ ಮತ್ತು ಬೆಳೆಯುವ ಜಾಗ. ಮೊದಲಿಗಿಂತ ಹೆಚ್ಚು ವೈದ್ಯರು ಈ ಕಾಯಿಲೆಯನ್ನು ಗುರುತಿಸಲು ಕಲಿತದ್ದೂ ಇದರಲ್ಲಿ ಸ್ವಲ್ಪ ಸೇರಿರಬಹುದು.

ಅದೇ ಕೆಲಸದ ಮುಂದುವರಿಕೆಯಾಗಿ ನಗರದ 12 ಶಾಲೆಗಳಲ್ಲಿ 6ರಿಂದ 15 ವರ್ಷದ 6,550 ಮಕ್ಕಳ ಸಮೀಕ್ಷೆ ನಡೆಯಿತು. ನನ್ನ ದೃಷ್ಟಿಯಲ್ಲಿ ಮೊದಲ ಲೆಕ್ಕಕ್ಕಿಂತ ಇದರಲ್ಲಿ ಕಲಿಯುವುದು ಹೆಚ್ಚಿದೆ. ವಾಹನ ಸಂಚಾರ ಕಡಿಮೆ ಇರುವ ಪ್ರದೇಶದ ಶಾಲೆಗಳಲ್ಲಿ ಅಸ್ತಮಾ ಪ್ರಮಾಣ ಶೇ 11.15 ಇದ್ದರೆ, ಸಂಚಾರ ದಟ್ಟವಾಗಿರುವ ಪ್ರದೇಶದ ಶಾಲೆಗಳಲ್ಲಿ ಶೇ 19.34 ಇತ್ತು, ಸಂಚಾರವೂ ದಟ್ಟವಾಗಿದ್ದು ಮನೆಯಲ್ಲಿ ಬಡತನವೂ ಇದ್ದ ಕಡೆ ಶೇ 31.14 ಇತ್ತು. ಹಳ್ಳಿಗಳ ಅದೇ ವಯಸ್ಸಿನ ಮಕ್ಕಳಲ್ಲಿ ಸಿಕ್ಕಿದ್ದು ಶೇ 5.7 ಮಾತ್ರ. ಮಕ್ಕಳನ್ನು ಮಣ್ಣಿನಲ್ಲಿ, ಕೊಳೆಯಲ್ಲಿ ಆಡಲು ಬಿಟ್ಟರೆ ಅಲರ್ಜಿ, ಅಸ್ತಮಾ ಹತ್ತಿರ ಸುಳಿಯುವುದಿಲ್ಲ ಎಂಬ ಸಲಹೆ ಈಗ ಎಲ್ಲೆಡೆ ಓಡಾಡುತ್ತಿದೆ. ಆ ಮಾತು ಪೂರ್ತಿ ನಿಜವಾಗಿದ್ದರೆ ಇಕ್ಕಟ್ಟಿನ ಮನೆಗಳಲ್ಲಿ, ತೆರೆದ ಚರಂಡಿಯ ಪಕ್ಕದಲ್ಲಿ ಬೆಳೆಯುವ ಬಡ ಮಕ್ಕಳಿಗೆ ಉಬ್ಬಸ ಎಲ್ಲರಿಗಿಂತ ಕಡಿಮೆ ಇರಬೇಕಿತ್ತು. ಬೆಂಗಳೂರಿನಲ್ಲಿ ಅದು ಅವರಿಗೇ ಎಲ್ಲರಿಗಿಂತ ಹೆಚ್ಚಾಗಿ ಕಂಡಿತು. ಆ ಸಲಹೆ ಎಲ್ಲಿಂದ ಹೊರಟಿತು, ನಮ್ಮಲ್ಲಿಗೆ ಬರುವಷ್ಟರಲ್ಲಿ ಏನನ್ನು ಕಳೆದುಕೊಂಡಿತು ಎಂಬುದನ್ನು ಅದಕ್ಕಾಗಿಯೇ ನೋಡಬೇಕು.

ಬ್ರಿಟನ್‌ನ ಡೇವಿಡ್ ಸ್ಟ್ರಾಚನ್ 1989ರಲ್ಲಿ ಪ್ರಕಟಿಸಿದ ಚಿಕ್ಕ ಲೇಖನವೊಂದು ಇದರ ಮೂಲ. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಸುಮಾರು 17 ಸಾವಿರ ಮಂದಿಯನ್ನು 23ನೇ ವಯಸ್ಸಿನ ತನಕ ಗಮನಿಸಿದ ಅಧ್ಯಯನದಲ್ಲಿ, ಅಣ್ಣ ಅಕ್ಕಂದಿರು ಹೆಚ್ಚಿದ್ದವರಿಗೆ ಪರಾಗದ ಅಲರ್ಜಿ ಕಡಿಮೆ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಮನೆ ತುಂಬ ಮಕ್ಕಳಿದ್ದರೆ ಸೋಂಕುಗಳು ಬೇಗ ಹರಡುತ್ತವೆ, ಆ ಸೋಂಕುಗಳೇ ರಕ್ಷಣೆ ಕೊಡುತ್ತಿರಬಹುದು ಎಂದು ಅವರು ಊಹಿಸಿದರು. ಜರ್ಮನಿ ಒಂದಾದ ಮೇಲೆ ಎರಿಕಾ ಫಾನ್ ಮ್ಯೂಟಿಯಸ್ ಅವರು ಪಶ್ಚಿಮದ ಮ್ಯೂನಿಕ್ ಮತ್ತು ಪೂರ್ವದ ಲೈಪ್‌ಜಿಗ್ ನಗರಗಳ ಮಕ್ಕಳನ್ನು ಹೋಲಿಸಿದರು. ಕಲ್ಲಿದ್ದಲಿನ ಹೊಗೆ ಕವಿದಿದ್ದ ಲೈಪ್‌ಜಿಗ್‌ನಲ್ಲಿ ಅಸ್ತಮಾ ಹೆಚ್ಚಿರುತ್ತದೆ ಎಂಬುದೇ ನಿರೀಕ್ಷೆಯಾಗಿತ್ತು. ಅಲ್ಲಿ ಕಂಡದ್ದು ಶ್ವಾಸನಾಳ ಊದಿ ಕೆಮ್ಮು ಕಾಡುವ ಬ್ರಾಂಕೈಟಿಸ್ ಹೆಚ್ಚು, ಅಲರ್ಜಿ ಮತ್ತು ಅಸ್ತಮಾ ಕಡಿಮೆ. ಅನಂತರ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳ ಹೈನುಗಾರ ಕುಟುಂಬಗಳಲ್ಲಿ ನಡೆದ ಸಾಲು ಸಾಲು ಅಧ್ಯಯನಗಳು ಈ ಎಳೆಯನ್ನು ಹಿಡಿದು ಮುಂದೆ ಹೋದವು.

ಈ ಸಾಲಿನಲ್ಲಿ ಅತ್ಯಂತ ಸ್ಪಷ್ಟವಾಗಿ ಕಣ್ಣಿಗೆ ಕಟ್ಟುವುದು 2016ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ. ಇಂಡಿಯಾನಾದ ಆಮಿಶ್ ಮತ್ತು ದಕ್ಷಿಣ ಡಕೋಟಾದ ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳ ಪೂರ್ವಜರು ಮಧ್ಯ ಯೂರೋಪಿನವರು. ವಂಶವಾಹಿಗಳಲ್ಲಿ, ಊಟದಲ್ಲಿ, ದೊಡ್ಡ ಕುಟುಂಬಗಳಲ್ಲಿ ಎರಡೂ ಬಹುಪಾಲು ಒಂದೇ. ಆಮಿಶ್ ಕುಟುಂಬಗಳು ಕುದುರೆ ಕಟ್ಟಿ ಬೇಸಾಯ ಮಾಡುತ್ತವೆ, ಕೊಟ್ಟಿಗೆ ಮನೆಗೆ ಅಂಟಿಕೊಂಡಂತೆ ಇರುತ್ತದೆ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟರದು ದೊಡ್ಡ ಸಾಮೂಹಿಕ ಜಮೀನು, ಯಂತ್ರಗಳ ಬೇಸಾಯ. ಮಕ್ಕಳು ದನಕರುಗಳಿಂದ ದೂರ. ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇ 5.2, ಹಟರೈಟ್ ಮಕ್ಕಳಲ್ಲಿ ಶೇ 21.3. ಬ್ಯಾಕ್ಟೀರಿಯಾದ ಹೊರಕವಚದಿಂದ ಬರುವ ಎಂಡೋಟಾಕ್ಸಿನ್ ಎಂಬ ವಸ್ತು ಆಮಿಶ್ ಮನೆಗಳ ಧೂಳಿನಲ್ಲಿ ಸುಮಾರು ಏಳು ಪಟ್ಟು ಹೆಚ್ಚಿತ್ತು. ಆ ಧೂಳಿನ ಸತ್ವವನ್ನು ಇಲಿಗಳ ಮೂಗಿಗೆ ಹಾಕಿದಾಗ, ಅಲರ್ಜಿ ತರುವ ವಸ್ತು ಕೊಟ್ಟರೂ ಅವುಗಳಿಗೆ ಅಸ್ತಮಾದಂಥ ಉರಿಯೂತ ಅಷ್ಟಾಗಿ ಬರಲಿಲ್ಲ. ಜನ್ಮಜಾತ ರೋಗನಿರೋಧಕ ವ್ಯವಸ್ಥೆಯ ಸಂಕೇತಗಳನ್ನು ತಡೆದಿಟ್ಟ ಇಲಿಗಳಲ್ಲಿ ಈ ರಕ್ಷಣೆ ಮಾಯವಾಯಿತು. ಎಳೆಯ ದೇಹಕ್ಕೆ ಬಗೆಬಗೆಯ ಸೂಕ್ಷ್ಮಜೀವಿಗಳ ಪರಿಚಯ ನಿತ್ಯವೂ ಆಗುತ್ತಿದ್ದರೆ, ಪರಾಗ, ಧೂಳುನುಸಿ, ಬೆಕ್ಕಿನ ಕೂದಲಿನಂಥ ನಿರಪಾಯ ವಸ್ತುಗಳ ಮೇಲೆ ಹರಿಹಾಯದೆ ಇರುವುದನ್ನು ರೋಗನಿರೋಧಕ ವ್ಯವಸ್ಥೆ ಮೊದಲ ಒಂದೆರಡು ವರ್ಷಗಳಲ್ಲೇ ಕಲಿತುಬಿಡುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡುವುದು ತೀರ ಅಗತ್ಯ. ರಕ್ಷಣೆ ಕೊಡುವುದು ಸೋಂಕುಗಳು ಎಂಬ ಸ್ಟ್ರಾಚನ್ ಅವರ ಮೊದಲ ಊಹೆ ಈಗ ಹಾಗೆಯೇ ಉಳಿದಿಲ್ಲ. ದಡಾರ, ಭೇದಿ, ನ್ಯುಮೋನಿಯಾ ಮಕ್ಕಳನ್ನು ಅಲರ್ಜಿಯಿಂದ ಕಾಪಾಡುವುದಿಲ್ಲ. ರೈನೋವೈರಸ್ ಮತ್ತು ಆರ್‌ಎಸ್‌ವಿ ಎಂಬ ವೈರಸ್‌ಗಳು ಎಳೆಯ ಶ್ವಾಸನಾಳವನ್ನು ತೀವ್ರವಾಗಿ ಕಾಡಿದ ಮಕ್ಕಳಲ್ಲಿ ಮುಂದೆ ಅಸ್ತಮಾ ಹೆಚ್ಚಾಗಿಯೇ ಕಾಣುತ್ತದೆ. ಲಸಿಕೆ ಬಿಡುವುದಕ್ಕಾಗಲಿ, ಊಟಕ್ಕೆ ಮುಂಚೆ ಕೈ ತೊಳೆಯದಿರುವುದಕ್ಕಾಗಲಿ ಈ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ರಕ್ಷಣೆ ಕೊಡುವುದು ಮಣ್ಣು, ಗಿಡ, ಸಗಣಿ, ಹುಲ್ಲು, ದನಕರು, ಜೊತೆಯ ಮಕ್ಕಳು ಇವುಗಳಿಂದ ಬರುವ, ಕಾಯಿಲೆ ತರದ ಸೂಕ್ಷ್ಮಜೀವಿಗಳ ವೈವಿಧ್ಯ. ಎರಡನೆಯದಾಗಿ, ಆ ವೈವಿಧ್ಯ ಕೆಲಸ ಮಾಡಿದ್ದು ಹೊಲದ ನಡುವಿನ ತಿಳಿ ಗಾಳಿಯಲ್ಲಿ. ಬೆಂಗಳೂರಿನ ಬಡ ಮಗುವಿಗೆ ಸಿಗುವುದು ತೇವ ಹಿಡಿದ ಗೋಡೆಯ ಬೂಷ್ಟು, ಜಿರಲೆ, ಡೀಸೆಲ್ ಹೊಗೆ ಮತ್ತು ಮೇಲಿಂದ ಮೇಲೆ ಬರುವ ವೈರಸ್ ಸೋಂಕು. ಕೊಟ್ಟಿಗೆಯ ಧೂಳನ್ನೂ ಸಿಗ್ನಲ್ಲಿನ ಧೂಳನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ಆ ಸಲಹೆ ನಮ್ಮಲ್ಲಿ ದಾರಿ ತಪ್ಪಿತು. ಅದೇ ಊರಿನ ಅನುಕೂಲಸ್ಥರ ಮಗುವಿಗೆ ಹೊಗೆ ತುಸು ಕಡಿಮೆ ಸಿಗಬಹುದು. ಆದರೆ ಅಪಾರ್ಟ್‌ಮೆಂಟಿನ ಹೊಳೆಯುವ ನೆಲದ ಮೇಲೆ ಬೆಳೆಯುವ ಅದಕ್ಕೆ ಮಣ್ಣೂ ಇಲ್ಲ, ದನವೂ ಇಲ್ಲ, ಒಡಹುಟ್ಟಿದವರೂ ಕಡಿಮೆ. ಎರಡು ಕಡೆಯೂ ಕೊರತೆಯೇ, ಕೊರತೆಯ ಬಗೆ ಮಾತ್ರ ಬೇರೆ.

ಹಳ್ಳಿಯ ಬದುಕೆಲ್ಲವೂ ಒಳ್ಳೆಯದು ಎಂದೂ ಇದರ ಅರ್ಥವಲ್ಲ. ನಮ್ಮ ಬಾಣಂತಿ ಕೋಣೆಯನ್ನೇ ನೋಡಿ. ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಎಣ್ಣೆ ನೀರು ಹಾಕಿದ ಮೇಲೆ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಪ್ರೀತಿಯಿಂದ ನಡೆದುಬಂದ ಪದ್ಧತಿ. ಅಜ್ಜಿಯರು ಇದನ್ನು ಮಾಡುವುದು ಮಗು ಬೆಚ್ಚಗಿರಲಿ, ಶೀತವಾಗದಿರಲಿ ಎಂದೇ. ಆದರೆ ಹುಟ್ಟಿ ಕೆಲವೇ ವಾರಗಳಾದ ಶ್ವಾಸಕೋಶಕ್ಕೆ ಮುಚ್ಚಿದ ಕೋಣೆಯ ಹೊಗೆ, ಯಾವ ಗಿಡಮೂಲಿಕೆಯದ್ದಾಗಿದ್ದರೂ, ಹೊಗೆಯೇ. ಅದರ ಸೂಕ್ಷ್ಮ ಕಣಗಳು ಅಗಲವಾಗುತ್ತಿರುವ ಶ್ವಾಸನಾಳಗಳ ಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತವೆ. ಸೌದೆ ಒಲೆಯ ಹೊಗೆಯೂ, ಮನೆಯೊಳಗಿನ ಬೀಡಿ ಸಿಗರೇಟಿನ ಹೊಗೆಯೂ ಅಷ್ಟೇ. ಸೊಳ್ಳೆ ಬತ್ತಿಯ ವಿಚಾರದಲ್ಲಿ ಮಲೇಷ್ಯಾದ ಸಂಶೋಧಕರೂ ಇದ್ದ ತಂಡವೊಂದು 2003ರಲ್ಲಿ ಅಳತೆ ಮಾಡಿ, ಒಂದು ಬತ್ತಿ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು ತೋರಿಸಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ಸುಮಾರು ಶೇ 80ರಷ್ಟಾಗಿವೆ, ಇದು ದೊಡ್ಡ ಸಾಧನೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಮಾತ್ರ ಈ ಲೆಕ್ಕದ ಹೊರಗೇ ಉಳಿದಿದೆ. ಮಗುವಿಗೆ ಬೆಚ್ಚನೆಯ ಬಟ್ಟೆ, ಬಾಣಂತಿಗೆ ಸೊಳ್ಳೆ ಪರದೆ, ಕೋಣೆಗೆ ಗಾಳಿಯಾಡುವ ಕಿಟಕಿ ಇಷ್ಟಿದ್ದರೆ ಹಿರಿಯರ ಕಾಳಜಿ ಹೊಗೆಯಿಲ್ಲದೆಯೇ ನೆರವೇರುತ್ತದೆ.

ಹೊಗೆ ಬರೀ ಕೆಮ್ಮು ತರಿಸಿ ಬಿಡುವುದಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಶ್ವಾಸಕೋಶ ಬೆಳೆಯುವುದು ಇಪ್ಪತ್ತರ ಆಸುಪಾಸಿನ ತನಕ ಮಾತ್ರ, ಆಮೇಲೆ ಇರುವುದು ಇಳಿಕೆಯೇ. ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳನ್ನು ಹತ್ತರಿಂದ ಹದಿನೆಂಟು ವರ್ಷದ ತನಕ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ವರದಿ ಮಾಡಿದಂತೆ, ಸೂಕ್ಷ್ಮ ಕಣಗಳು ಅತಿ ಕಡಿಮೆ ಇದ್ದ ಊರಿನಲ್ಲಿ ಶ್ವಾಸಕೋಶದ ಸಾಮರ್ಥ್ಯ ತೀರ ಕುಗ್ಗಿದ್ದ ಹದಿನೆಂಟರ ಮಕ್ಕಳು ಶೇ 1.6, ಅತಿ ಹೆಚ್ಚಿದ್ದ ಊರಿನಲ್ಲಿ ಶೇ 7.9. ಅದೇ ತಂಡ 2015ರಲ್ಲಿ ಬರೆದದ್ದು ಇನ್ನೂ ಮುಖ್ಯ: ಕಠಿಣ ಕಾನೂನುಗಳಿಂದ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳಲ್ಲಿ ಸಾಮರ್ಥ್ಯ ಕುಗ್ಗಿದವರ ಪ್ರಮಾಣ ಶೇ 3.6ಕ್ಕೆ ಇಳಿದಿತ್ತು. ಮನೆಮನೆಯಲ್ಲಿ ಯಾರೂ ಬದುಕುವ ಬಗೆಯನ್ನು ಬದಲಿಸಿಕೊಳ್ಳದೆ, ಸರ್ಕಾರ ಗಾಳಿಯನ್ನು ಬದಲಿಸಿದ್ದರಿಂದ ಆದ ಲಾಭ ಅದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1968ರಲ್ಲಿ ಏಳು ವರ್ಷದವರಾಗಿದ್ದ ಮಕ್ಕಳನ್ನು ಐವತ್ಮೂರನೇ ವಯಸ್ಸಿನ ತನಕ ಗಮನಿಸಿದಾಗ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ಮುಕ್ಕಾಲು ಪಾಲು ಹೊರೆ ಶ್ವಾಸಕೋಶದ ಬೆಳವಣಿಗೆ ಅಥವಾ ಇಳಿಕೆ ಎಡವಿದ ಮೂರು ಗುಂಪುಗಳಲ್ಲೇ ಇತ್ತು. ಬಾಲ್ಯದ ಅಸ್ತಮಾ, ಬ್ರಾಂಕೈಟಿಸ್, ನ್ಯುಮೋನಿಯಾ, ಮನೆಯ ಹಿರಿಯರ ಧೂಮಪಾನ ಆ ಗುಂಪುಗಳಿಗೆ ಸೇರುವ ಸಾಧ್ಯತೆಯನ್ನು ಹೆಚ್ಚಿಸಿದ್ದವು. ಐವತ್ತರಲ್ಲಿ ಮೆಟ್ಟಿಲು ಹತ್ತಲು ಏದುಸಿರು ಬಿಡುವ ಎಷ್ಟೋ ಮಂದಿಯ ಕಾಯಿಲೆ ಏಳನೇ ವಯಸ್ಸಿನಲ್ಲೇ ಅಳತೆಗೆ ಸಿಗುವಂತಿತ್ತು ಎಂಬುದು ನನ್ನನ್ನು ಬಹಳ ಕಲಕಿದ ಸಂಗತಿ.

ಸೂಕ್ಷ್ಮಜೀವಿಗಳ ಪಾಠ ನಡೆಯುವ ಮುಖ್ಯ ಸ್ಥಳ ಕರುಳು. ಆ್ಯಂಟಿಬಯಾಟಿಕ್ ಬೇಕಾದಾಗ ಜೀವ ಉಳಿಸುತ್ತದೆ. ವೈರಸ್ ನೆಗಡಿಗೆ ಕೊಟ್ಟಾಗ ಮೊದಲ ವರ್ಷದ ಕರುಳಿನಲ್ಲಿ ಆಗಷ್ಟೇ ನೆಲೆ ನಿಲ್ಲುತ್ತಿರುವ ಜೀವಿಗಳನ್ನು ವಿನಾಕಾರಣ ಅಳಿಸುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2000ದಿಂದ 2014ರ ನಡುವೆ ಒಂದು ವರ್ಷದೊಳಗಿನ ಕೂಸುಗಳಿಗೆ ಆ್ಯಂಟಿಬಯಾಟಿಕ್ ಬರೆಯುವುದು ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೊಸದಾಗಿ ಕಾಣಿಸುವ ಅಸ್ತಮಾ ಶೇ 26ರಷ್ಟು ಇಳಿಯಿತು. ಜೊತೆಜೊತೆಗೆ ಇಳಿದದ್ದೇ ಕಾರಣಕ್ಕೆ ಪುರಾವೆಯಲ್ಲ. ಆದರೆ ಆ ಸಂಶೋಧಕರು ಮಕ್ಕಳ ಮಲದಲ್ಲಿನ ಜೀವಿವೈವಿಧ್ಯವನ್ನೂ ಅಳೆದು, ಅದು ಕುಗ್ಗಿದ್ದೇ ಇವೆರಡರ ನಡುವಿನ ಕೊಂಡಿ ಎಂದು ತೋರಿಸಿದ್ದರಿಂದ ವಾದಕ್ಕೆ ಬಲ ಬಂದಿದೆ. ಸಿಸೇರಿಯನ್ ಹೆರಿಗೆಗೂ ಅಸ್ತಮಾಗೂ ಸಂಬಂಧ ಕಾಣುತ್ತದೆ, ಆದರೆ ಸಣ್ಣದು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್ ಆಗಿದ್ದವು ಎಂಬುದಕ್ಕೆ ತಾಯಂದಿರನ್ನು ದೂರುವಂತಿಲ್ಲ. ಸಾಧ್ಯವಾದಷ್ಟು ಕಾಲ ಎದೆಹಾಲು ಕೊಡುವುದು, ಶೀತ ಜ್ವರಕ್ಕೆ ಸಿರಪ್ಪು ಬರೆಯಿರೆಂದು ವೈದ್ಯರನ್ನು ಒತ್ತಾಯಿಸದಿರುವುದು ಕೈಯಲ್ಲಿರುವ ಕೆಲಸ.

ಆಹಾರದ ಅಲರ್ಜಿಯಲ್ಲಿ ನಮ್ಮ ಸ್ಥಿತಿ ಬೇರೆಯೇ ಇದೆ, ಅದನ್ನು ಹಾಳುಮಾಡಿಕೊಳ್ಳಬಾರದು. ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಮೊದಲ ವರ್ಷದಿಂದಲೇ ಕಡಲೆಕಾಯಿಯ ತಿನಿಸು ಕೊಟ್ಟು, ಉಳಿದವಕ್ಕೆ ಐದು ವರ್ಷ ಅದನ್ನು ದೂರ ಇಡಲಾಯಿತು. ದೂರ ಇಟ್ಟವರಲ್ಲಿ ಶೇ 17.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬಂದರೆ, ತಿಂದವರಲ್ಲಿ ಬಂದದ್ದು ಶೇ 3.2ಕ್ಕೆ ಮಾತ್ರ. ಅಪಾಯದ ತಿನಿಸನ್ನು ತಡವಾಗಿ ಕೊಡಿ ಎಂಬ ಹಳೆಯ ಸಲಹೆ ತಲೆಕೆಳಗಾಯಿತು. ಆರನೇ ತಿಂಗಳಿಗೆ ರಾಗಿ ಸರಿ ಆರಂಭಿಸಿ, ವರ್ಷ ತುಂಬುವ ಮೊದಲೇ ಮನೆಯ ಅನ್ನ, ಬೇಳೆ, ನುಣ್ಣಗೆ ಅರೆದ ಕಡಲೆಕಾಯಿ, ಮೊಟ್ಟೆ ರುಚಿ ತೋರಿಸುವ ನಮ್ಮ ಕ್ರಮ ಇದಕ್ಕೆ ಒಪ್ಪುವಂಥದ್ದೇ. ಹಲವು ದೇಶಗಳಲ್ಲಿ ಒಟ್ಟಿಗೆ ನಡೆದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಹಾಂಗ್‌ಕಾಂಗ್‌ನ ಶಾಲಾ ಮಕ್ಕಳಲ್ಲಿ ಆಹಾರದ ಅಲರ್ಜಿ ಶೇ 1.5 ಇದ್ದರೆ ಭಾರತದ ಮಕ್ಕಳಲ್ಲಿ ಸಿಕ್ಕಿದ್ದು ಶೇ 0.14. ಅದೇ ಅಧ್ಯಯನ ಕರ್ನಾಟಕದ ವಯಸ್ಕರಲ್ಲಿ ಇನ್ನೊಂದನ್ನು ಕಂಡಿತು: ರಕ್ತ ಪರೀಕ್ಷೆಯಲ್ಲಿ ಯಾವುದಾದರೂ ಆಹಾರಕ್ಕೆ ಪಾಸಿಟಿವ್ ಬಂದವರು ಶೇ 26.5, ನಿಜವಾಗಿ ಆ ಆಹಾರದಿಂದ ತೊಂದರೆಯಾಗುವ ಸಾಧ್ಯತೆ ಇದ್ದವರು ಶೇ 1.2. ನೂರು ಪದಾರ್ಥಗಳ ಅಲರ್ಜಿ ಪ್ಯಾಕೇಜ್ ಪರೀಕ್ಷೆ ಮಾಡಿಸಿ, ವರದಿಯಲ್ಲಿ ಕೆಂಪು ಗುರುತು ಬಿದ್ದದ್ದನ್ನೆಲ್ಲ ಮಗುವಿನ ತಟ್ಟೆಯಿಂದ ತೆಗೆದುಹಾಕುವ ಪೋಷಕರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹಾಲು, ಮೊಟ್ಟೆ, ಬೇಳೆ ಒಟ್ಟಿಗೆ ನಿಂತುಹೋದ ಮಗು ಅಲರ್ಜಿಗಿಂತ ಮೊದಲು ಅಪೌಷ್ಟಿಕತೆಗೆ ಸಿಕ್ಕಿಬೀಳುತ್ತದೆ.

ಈ ತಟ್ಟೆಯ ವಿಚಾರವೇ ನಮ್ಮನ್ನು ಹೃದಯದ ಕಾಯಿಲೆ ಮತ್ತು ಸಕ್ಕರೆ ಕಾಯಿಲೆಯ ಕಡೆಗೆ ಕರೆದೊಯ್ಯುತ್ತದೆ, ಮತ್ತು ಇಲ್ಲಿ ಜಗತ್ತು ಮೈಸೂರಿನಿಂದ ಕಲಿತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಅವುಗಳ ಜಾಡು ಹಿಡಿದು, 1934ರಿಂದ 1954ರ ನಡುವೆ ಹುಟ್ಟಿ ಊರಿನ ಸುತ್ತಮುತ್ತಲೇ ಬದುಕುತ್ತಿದ್ದ 517 ಮಂದಿಯನ್ನು ಹುಡುಕಿ ತಪಾಸಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 11, ಸುಮಾರು 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ 3. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಆರಂಭವಾಯಿತು, ಡಾ. ಜಿ.ವಿ. ಕೃಷ್ಣವೇಣಿ ಮತ್ತು ಬ್ರಿಟನ್‌ನ ಕ್ಯಾರೊಲಿನ್ ಫಾಲ್ ಅವರ ತಂಡ ಆ ಮಕ್ಕಳನ್ನು ವರ್ಷ ವರ್ಷ ನೋಡುತ್ತ ಬಂತು. ಗರ್ಭಾವಧಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಮೈಯಲ್ಲಿ ಕೊಬ್ಬು ಮತ್ತು ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದವು. ನಮ್ಮ ಕೂಸುಗಳು ತೂಕದಲ್ಲಿ ಯೂರೋಪಿನ ಕೂಸುಗಳಿಗಿಂತ ಕಡಿಮೆ, ಆದರೆ ಕಳೆದುಕೊಳ್ಳುವುದು ಸ್ನಾಯುವನ್ನು, ಕೊಬ್ಬನ್ನಲ್ಲ ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಆಗಲೇ ತೋರಿಸಿದ್ದರು. ದೆಹಲಿಯಲ್ಲಿ ಮಕ್ಕಳನ್ನು ಹುಟ್ಟಿದಂದಿನಿಂದ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿತು: ಎರಡನೇ ವಯಸ್ಸಿನಲ್ಲಿ ತೆಳ್ಳಗಿದ್ದು, ಆಮೇಲೆ ಹನ್ನೆರಡರ ತನಕ ಬೇಗಬೇಗ ಮೈ ತುಂಬಿಕೊಂಡವರಲ್ಲೇ ಮೂವತ್ತರ ಆಸುಪಾಸಿನಲ್ಲಿ ಸಕ್ಕರೆಯ ಏರುಪೇರು ಹೆಚ್ಚಾಗಿ ಕಂಡಿತು. ಮೈ ತುಂಬಿಕೊಂಡವರು ಎಂದರೆ ಕಣ್ಣಿಗೆ ದಪ್ಪ ಕಾಣುವವರು ಎಂದಲ್ಲ. ಅವರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಸ್ಥೂಲಕಾಯದವರಾಗಿರಲೇ ಇಲ್ಲ. 2016ರಿಂದ 2018ರ ತನಕ ನಡೆದ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಹತ್ತರಲ್ಲಿ ಒಬ್ಬರ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿತ್ತು.

ಶ್ವಾಸಕೋಶ, ರೋಗನಿರೋಧಕ ವ್ಯವಸ್ಥೆ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇವೆಲ್ಲ ಬಹುಮಟ್ಟಿಗೆ ರೂಪುಗೊಳ್ಳುವುದು ಗರ್ಭದಿಂದ ಮೊದಲ ಎರಡು ಮೂರು ವರ್ಷಗಳ ಒಂದೇ ಅವಧಿಯಲ್ಲಿ. ಆಮೇಲೆ ಅವು ಒಂದನ್ನೊಂದು ಕಾಡುವುದೂ ಉಂಟು: ತೂಕ ಹೆಚ್ಚಾದ ಮಗುವಿಗೆ ಅಸ್ತಮಾ ಬೇಗ ಬರುತ್ತದೆ ಮತ್ತು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ, ಉಬ್ಬಸ ಬರುತ್ತದೆಂದು ಆಟಕ್ಕೆ ಬಿಡದ ಮಗುವಿನ ತೂಕ ಏರುತ್ತದೆ. ಇಷ್ಟಾದ ಮೇಲೂ ಇದನ್ನೆಲ್ಲ ಮನೆಯವರ ಜೀವನಶೈಲಿಯ ತಪ್ಪು ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ರಸ್ತೆಗೆ ತಾಗಿದ ಶಾಲೆಯನ್ನು ಮಗು ಆರಿಸಿಕೊಳ್ಳಲಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ತಾಯಿ ಗೋಡೆಯ ತೇವವನ್ನು ಆರಿಸಿಕೊಳ್ಳಲಿಲ್ಲ. ಆಟದ ಮೈದಾನಕ್ಕೆ ಬೀಗ ಹಾಕಿ, ಅಂಗನವಾಡಿಯ ಅಂಗಳಕ್ಕೆ ಸಿಮೆಂಟು ಬಳಿದು, ಮಕ್ಕಳು ಮೊಬೈಲು ಬಿಡುವುದಿಲ್ಲ ಎಂದು ದೂರಿದರೆ ಏನು ಬಂತು? ಫಿನ್ಲೆಂಡಿನಲ್ಲಿ ಶಿಶುವಿಹಾರಗಳ ಜಲ್ಲಿ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲು ತಂದು ಹಾಸಿದಾಗ ಕೇವಲ 28 ದಿನಗಳಲ್ಲಿ ಮಕ್ಕಳ ಚರ್ಮದ ಸೂಕ್ಷ್ಮಜೀವಿ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತ ತಗ್ಗಿಸುವ ಸಂಕೇತಗಳು ಬಲಗೊಂಡವು. ನಮ್ಮ ಅಂಗನವಾಡಿಗಳಿಗೆ ಇದು ದುಬಾರಿಯ ಕೆಲಸವಲ್ಲ.

ಕಾಯಿಲೆ ಈಗಾಗಲೇ ಬಂದಿರುವ ಮಕ್ಕಳ ಮಾತು ಇನ್ನೂ ತುರ್ತಿನದು. ಆರಂಭದಲ್ಲಿ ಹೇಳಿದ ಒಂಬತ್ತು ಕೇಂದ್ರಗಳ ಸಮೀಕ್ಷೆಯಲ್ಲಿ ಉಬ್ಬಸ ಇದ್ದವರ ಪೈಕಿ ಶೇ 82 ಮಂದಿಗೆ ಅದು ಅಸ್ತಮಾ ಎಂದು ಯಾರೂ ಹೇಳಿರಲಿಲ್ಲ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದವರು, ಅಸ್ತಮಾ ಸಾವುಗಳಲ್ಲಿ ಭಾರತದ ಪಾಲು ಶೇ 40ಕ್ಕೂ ಹೆಚ್ಚು ಎಂದು 2019ರ ಜಾಗತಿಕ ಕಾಯಿಲೆಗಳ ಅಂದಾಜು ಹೇಳುತ್ತದೆ. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ, ಮಗು ಬೆಳೆಯುವುದಿಲ್ಲ ಎಂಬ ಭಯ ಇದರ ಹಿಂದಿನ ಒಂದು ದೊಡ್ಡ ಕಾರಣ. ಉತ್ತರ ಅಮೆರಿಕದಲ್ಲಿ ವರ್ಷಗಟ್ಟಲೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ಮಕ್ಕಳನ್ನು ದೊಡ್ಡವರಾದ ಮೇಲೆ ಅಳೆದಾಗ ಎತ್ತರದಲ್ಲಿ ಆದ ಕೊರತೆ ಸರಾಸರಿ 1.2 ಸೆಂಟಿಮೀಟರ್. ಚಿಕಿತ್ಸೆ ಇಲ್ಲದ ಅಸ್ತಮಾ ಕಸಿಯುವ ನಿದ್ದೆ, ಆಟ, ಶಾಲೆಯ ದಿನಗಳ ಮುಂದೆ ಅದು ಬಹಳ ಸಣ್ಣದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆ ಮತ್ತು ಅಂಗನವಾಡಿಗೆ ಬರುವ ವೈದ್ಯರ ತಂಡ ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಶ್ವಾಸನಾಳ ಬಿಗಿಯುವ ಈ ಕಾಯಿಲೆ ಮೊದಲಿನಿಂದಲೂ ಇದೆ. ರಾತ್ರಿ ಕೆಮ್ಮು ಬರುತ್ತದೆಯೇ, ಓಡಿದರೆ ಎದೆ ಗೊರಗುಟ್ಟುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಆ ತಂಡ ಪ್ರತಿ ಮಗುವಿಗೂ ಕೇಳಬೇಕು. ತಾಯಿ ಕಾರ್ಡಿನಲ್ಲಿ ಬರೆದ ಗರ್ಭಾವಧಿಯ ಸಕ್ಕರೆಯ ವಿವರ ಮತ್ತು ಹುಟ್ಟಿದಾಗಿನ ತೂಕ ಮಗುವಿನ ಜೊತೆ ಶಾಲೆಯ ಆರೋಗ್ಯ ದಾಖಲೆಗೂ ಬರಬೇಕು. ಕೆಮ್ಮು, ಉಬ್ಬಸದ ಆ ಪ್ರಶ್ನೆಗಳಿಗೆ ಹೌದು ಎಂದು ಕಾಯಿಲೆ ಖಚಿತವಾದ ಮಗುವಿಗೆ ಇನ್‌ಹೇಲರ್ ಮತ್ತು ಔಷಧಿ ಸರಿಯಾಗಿ ಒಳಗಿಳಿಯಲು ಅದಕ್ಕೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಜಿಲ್ಲಾಸ್ಪತ್ರೆಯಲ್ಲಿ ಸಿಕ್ಕರೆ ಸಾಲದು; ಬಸ್ ಚಾರ್ಜು ಕೊಡದೆ ನಡೆದು ಹೋಗಬಹುದಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಸಿಗಬೇಕು.